ಹೇಳಲು ನಾಚುವ ಒಂದು ಕಾಯಿಲೆ

ವೈದ್ಯನ ಮುಂದೆ ಕುಳಿತು ಜನರು ಎದೆನೋವನ್ನು ಹೇಳಿಕೊಳ್ಳುತ್ತಾರೆ, ಮಂಡಿನೋವನ್ನು ಹೇಳಿಕೊಳ್ಳುತ್ತಾರೆ. ಸಕ್ಕರೆಕಾಯಿಲೆಯನ್ನಂತೂ ಒಂದು ಬಗೆಯ ಗತ್ತಿನಿಂದಲೇ ಹೇಳಿಕೊಳ್ಳುವವರುಂಟು. ಆದರೆ ಒಂದು ಕಾಯಿಲೆಯ ಪ್ರಸ್ತಾಪ ಬಂದಾಗ ಮಾತ್ರ ದನಿ ತಾನಾಗಿ ತಗ್ಗುತ್ತದೆ. ತಾಯಿ ಬಾಗಿಲತ್ತ ಒಮ್ಮೆ ತಿರುಗಿ ನೋಡಿ, ಹೊರಗೆ ಬೆಂಚಿನ ಮೇಲೆ ಕುಳಿತವರಿಗೆ ಕೇಳಿಸದೆಂದು ನಂಬಿಕೆಯಾದ ಮೇಲೆ, “ಮಗುವಿಗೆ ರಾತ್ರಿ ಹೊತ್ತು ತುರಿಕೆ, ಡಾಕ್ಟರೇ, ಹಿಂದುಗಡೆ” ಎನ್ನುತ್ತಾಳೆ. ನಾನು ಈಗ ಮಾತನಾಡಹೊರಟಿರುವುದು ಆ ತಗ್ಗಿದ ದನಿಯ ಕಾಯಿಲೆಯನ್ನು ಕುರಿತು. ಊಟದ ಮುಂದೆ ಕುಳಿತು ರೇಡಿಯೋ ಕೇಳುತ್ತಿರುವವರು ಯಾರಾದರೂ ಇದ್ದರೆ ಅವರ ಕ್ಷಮೆ ಬೇಡುತ್ತೇನೆ. ಆದರೂ ಊಟಕ್ಕೂ ಈ ಕಾಯಿಲೆಗೂ ನಂಟು ಇರುವುದರಿಂದ ನನ್ನ ಮಾತು ತೀರ ಅಪ್ರಸ್ತುತವಾಗಲಾರದು.

ನಮ್ಮಲ್ಲಿ ಹೊಟ್ಟೆಯ ಹುಳುಗಳನ್ನೆಲ್ಲ ‘ಜಂತು’ ಎಂಬ ಒಂದೇ ಮಾತಿನಲ್ಲಿ ಸೇರಿಸಿಬಿಡುವ ವಾಡಿಕೆ ಇದೆ. ಇವುಗಳಲ್ಲಿ ಜಂತುಹುಳುವೇ ಬೇರೆ, ಕೊಕ್ಕೆಹುಳುವೇ ಬೇರೆ, ಲಾಡಿಹುಳುವೇ ಬೇರೆ. ನಾನು ಹೇಳುತ್ತಿರುವುದು ಇವೆಲ್ಲಕ್ಕಿಂತ ಬೇರೆಯಾದ ಒಂದು ಚಿಕ್ಕ ಹುಳು. ಹರಿದ ಬಿಳಿಯ ದಾರದ ತುಣುಕಿನಂತೆ ಕಾಣುವುದರಿಂದ ಇದನ್ನು ದಾರದ ಹುಳು ಎನ್ನೋಣ. ಹೆಣ್ಣುಹುಳು ಹೆಚ್ಚೆಂದರೆ 13 ಮಿಲಿಮೀಟರ್ ಉದ್ದ. ಗಂಡು ಅದರ ಅರ್ಧಕ್ಕೂ ಬಾರದು. 1758ರಲ್ಲಿ ಲಿನೇಯಸ್ ಇದಕ್ಕೆ ಶಾಸ್ತ್ರೀಯವಾದ ಹೆಸರನ್ನಿಟ್ಟ. ಈಗ ಇದರ ಹೆಸರು ಎಂಟೆರೋಬಿಯಸ್ ವರ್ಮಿಕ್ಯುಲಾರಿಸ್. ಗ್ರೀಕ್ ಮೂಲದ ಮೊದಲ ಪದಕ್ಕೆ ‘ಕರುಳಿನಲ್ಲಿ ಬಾಳುವುದು’ ಎಂದೂ ಲ್ಯಾಟಿನ್ನಿನ ಎರಡನೆಯ ಪದಕ್ಕೆ ‘ಪುಟ್ಟ ಹುಳುವಿನದು’ ಎಂದೂ ಅರ್ಥ ಮಾಡಬಹುದು. ಹೆಸರು ಹುಳುವಿಗಿಂತ ಉದ್ದವಾಯಿತೆಂದು ನೀವು ನಕ್ಕರೆ ನಾನು ತಪ್ಪೆನ್ನಲಾರೆ.

ಈ ಹುಳುವಿನ ವಿಷಯದಲ್ಲಿ ನಾನು ಪಾಠ ಕಲಿತದ್ದು ಪುಸ್ತಕದಿಂದ ಅಲ್ಲ, ಒಂದು ಮನೆಯಿಂದ. ಅದಾಗಿ ನಾಲ್ಕು ದಶಕಗಳಾದವು. ಮಲೆನಾಡಿನ ಒಂದು ಸಣ್ಣ ಊರಿನಲ್ಲಿ ನಾನು ಆಗತಾನೆ ವೃತ್ತಿಯನ್ನು ಆರಂಭಿಸಿದ್ದೆ. ಒಂದು ಬೆಳಿಗ್ಗೆ ಐದು ವರ್ಷದ ಹುಡುಗಿಯೊಬ್ಬಳನ್ನು ಅವಳ ತಾಯಿ ಕರೆತಂದರು. ಮಗುವಿಗೆ ರಾತ್ರಿ ನಿದ್ದೆಯಿಲ್ಲ. ಹೊರಳಾಡುತ್ತದೆ, ಅಳುತ್ತದೆ, ಹಗಲೆಲ್ಲ ಸಿಡುಕು. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆಮಾಡುವ ಅಭ್ಯಾಸ ಮತ್ತೆ ಕಾಣಿಸಿಕೊಂಡಿದೆ. ರೋಗ ತಿಳಿಯುವುದು ಕಷ್ಟವಾಗಲಿಲ್ಲ. ಆಗ ಮೆಬೆಂಡಝೋಲ್ ದೊರೆಯುತ್ತಿತ್ತು. 100 ಮಿಲಿಗ್ರಾಮಿನ ಒಂದು ಮಾತ್ರೆ ಕೊಟ್ಟೆ. ಕೊಟ್ಟು ಸುಮ್ಮನಿರಬಹುದಿತ್ತು. “ಸ್ವಲ್ಪ ಶುಚಿಯಾಗಿ ನೋಡಿಕೊಳ್ಳಿ” ಎಂದೂ ಸೇರಿಸಿದೆ. ಆ ತಾಯಿಯ ಮುಖ ಬಾಡಿದ್ದು ನನಗೆ ಕಂಡಿತು. ಅದರ ಅರ್ಥ ಮಾತ್ರ ಆಗ ತಿಳಿಯಲಿಲ್ಲ.

ಮಗುವಿಗೆ ನಾಲ್ಕೈದು ದಿನಗಳಲ್ಲಿ ನೆಮ್ಮದಿಯಾಯಿತು. ಆರನೆಯ ವಾರದಲ್ಲಿ ಮತ್ತೆ ಬಂದರು. ಮತ್ತೊಂದು ಮಾತ್ರೆ ಕೊಟ್ಟೆ. ಇನ್ನೂ ಆರು ವಾರ ಕಳೆಯುವುದರೊಳಗೆ ಮೂರನೆಯ ಸಲ ಬಂದರು. ಅಷ್ಟು ಹೊತ್ತಿಗೆ ಮನೆಯಲ್ಲಿ ಮಗುವಿಗೆ ಬೆಲ್ಲ, ಸಕ್ಕರೆ, ಬಾಳೆಹಣ್ಣು ಎಲ್ಲವೂ ನಿಷಿದ್ಧವಾಗಿದ್ದವು. ತಿಂಗಳಿಗೊಮ್ಮೆ ಹರಳೆಣ್ಣೆ ಕುಡಿಸುವ ಹಳೆಯ ಪದ್ಧತಿ ವಾರಕ್ಕೊಮ್ಮೆ ಎಂದಾಗಿತ್ತು. “ಸೊಸೆಗೆ ಮಗು ಸಾಕಲು ಬರುವುದಿಲ್ಲ” ಎಂಬ ತೀರ್ಪೂ ಹೊರಬಿದ್ದಿತ್ತು. ಅದನ್ನು ಹೇಳುವಾಗ ಆಕೆ ಅಳಲಿಲ್ಲ. ಮಗುವಿನ ಬೆರಳುಗಳನ್ನು ನನ್ನ ಮುಂದೆ ಬಿಡಿಸಿ ತೋರಿಸಿದರು. ಉಗುರುಗಳನ್ನು ಮಾಂಸಕ್ಕೆ ತಾಗುವಂತೆ ಕತ್ತರಿಸಿತ್ತು. ಎರಡು ಬೆರಳಿನಲ್ಲಿ ರಕ್ತದ ಗುರುತಿತ್ತು.

ಔಷಧ ಸೋಲುತ್ತಿದೆಯೆಂದು ನಾನು ಭಾವಿಸಿದ್ದೆ. ವಾಸ್ತವವಾಗಿ ಔಷಧ ಗೆಲ್ಲುತ್ತಿತ್ತು, ನಾನು ಸೋಲುತ್ತಿದ್ದೆ. ಆ ಆರು ವಾರದ ಲೆಕ್ಕದಲ್ಲೇ ಇಡೀ ಕಥೆಯಿತ್ತು. ಅದನ್ನು ತಿಳಿಯಬೇಕಾದರೆ ಹುಳುವಿನ ಬದುಕನ್ನು ಸ್ವಲ್ಪ ನೋಡಬೇಕು.

ಮೊಟ್ಟೆ ಬಾಯಿಯ ಮೂಲಕ ಹೊಟ್ಟೆಗೆ ಸೇರುತ್ತದೆ. ಸಣ್ಣಕರುಳಿನಲ್ಲಿ ಅದು ಒಡೆದು, ಹೊರಬಂದ ಮರಿ ಕೆಳಗಿಳಿಯುತ್ತ ಬೆಳೆದು, ದೊಡ್ಡಕರುಳಿನ ಆರಂಭದ ಭಾಗದಲ್ಲಿ ನೆಲೆಸುತ್ತದೆ. ಅಲ್ಲಿಂದ ಹೆಣ್ಣುಹುಳು ಬಸಿರಾಗಿ ಮೊಟ್ಟೆಯಿಡುವ ಹೊತ್ತಿಗೆ ಸುಮಾರು ಒಂದು ತಿಂಗಳೋ ಅದಕ್ಕಿಂತ ತುಸು ಹೆಚ್ಚೋ ಆಗಿರುತ್ತದೆ. ಬೇರೆ ಎಷ್ಟೋ ಹುಳುಗಳು ಕರುಳಿನಲ್ಲಿಯೇ ಮೊಟ್ಟೆಯಿಟ್ಟು ಅವನ್ನು ಮಲದ ಜೊತೆಗೆ ಕಳಿಸಿಬಿಡುತ್ತವೆ. ಇದು ಹಾಗೆ ಮಾಡುವುದಿಲ್ಲ. ಮನೆಯವರೆಲ್ಲ ಮಲಗಿ ನಿದ್ದೆಹೋದ ಮೇಲೆ ತಾನೇ ಕೆಳಗಿಳಿದು, ಗುದದ್ವಾರದಿಂದ ಹೊರಗೆ ಬಂದು, ಸುತ್ತಲಿನ ಚರ್ಮದ ಮಡಿಕೆಗಳಲ್ಲಿ ಹತ್ತು ಸಾವಿರದಷ್ಟು ಮೊಟ್ಟೆಗಳನ್ನು ಅಂಟಿಸಿ, ಅಲ್ಲಿಯೇ ಸಾಯುತ್ತದೆ. ಈ ಸಂಚಾರವೇ ರಾತ್ರಿಯ ತುರಿಕೆಗೆ ಕಾರಣ. ಹೆಣ್ಣುಮಕ್ಕಳಲ್ಲಿ ಹುಳು ಕೆಲವೊಮ್ಮೆ ದಾರಿ ತಪ್ಪಿ ಮುಂಭಾಗಕ್ಕೂ ಹೋಗಿ ಅಲ್ಲಿ ಉರಿಯನ್ನೂ ಬಿಳಿಸೆರಗನ್ನೂ ಉಂಟುಮಾಡುತ್ತದೆ.

ಮಗು ನಿದ್ದೆಗಣ್ಣಿನಲ್ಲಿ ತುರಿಸಿಕೊಳ್ಳುತ್ತದೆ. ಮೊಟ್ಟೆಗಳು ಉಗುರಿನ ಸಂದಿಗೆ ಸೇರುತ್ತವೆ. ಚಡ್ಡಿಗೆ, ಹಾಸಿಗೆಗೆ, ಹೊದಿಕೆಗೆ ಅಂಟುತ್ತವೆ. ಇಟ್ಟ ಮೊಟ್ಟೆ ಕೇವಲ ನಾಲ್ಕರಿಂದ ಆರು ಗಂಟೆಗಳಲ್ಲಿ ಮತ್ತೊಬ್ಬರಿಗೆ, ಅಥವಾ ಅದೇ ಮಗುವಿಗೆ, ಅಂಟಬಲ್ಲಷ್ಟು ಪಕ್ವವಾಗುತ್ತದೆ. ಅಂದರೆ ನಡುರಾತ್ರಿಯ ಮೊಟ್ಟೆ ಬೆಳಗಿನ ತಿಂಡಿಯ ಹೊತ್ತಿಗೆ ಸಿದ್ಧ. ತಂಪೂ ತೇವವೂ ಇರುವ ಕಡೆ ಎರಡು ಮೂರು ವಾರಗಳವರೆಗೂ ಅದು ಜೀವ ಹಿಡಿದಿರಬಲ್ಲುದು. ಮಲೆನಾಡಿನ ಮಳೆಗಾಲದ ಒಳಕೋಣೆಗಿಂತ ಅದಕ್ಕೆ ಒಳ್ಳೆಯ ಮನೆ ಇನ್ನೆಲ್ಲಿ ಸಿಕ್ಕೀತು?

ಇದರಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಈ ಹುಳು ನಮ್ಮ ಹೊಟ್ಟೆಯೊಳಗೆ ಮರಿ ಹಾಕಿ ಸಂಸಾರ ಬೆಳೆಸುವುದಿಲ್ಲ. ಒಳಗಿರುವ ಹುಳುಗಳು ಸಾಮಾನ್ಯವಾಗಿ ಒಂದೊಂದೂ ಹಿಂದೊಂದು ದಿನ ನುಂಗಿದ ಒಂದೊಂದು ಮೊಟ್ಟೆಯಿಂದ ಬಂದವು. ಹೊಸ ಮೊಟ್ಟೆ ಬಾಯಿಗೆ ಹೋಗದಂತೆ ಆರರಿಂದ ಎಂಟು ವಾರ ತಡೆಯಬಲ್ಲೆವಾದರೆ, ಒಳಗಿದ್ದವು ತಮ್ಮ ಆಯುಸ್ಸು ಮುಗಿಸಿ ತಾವೇ ಹೋಗುತ್ತವೆ. ನನ್ನ ಪುಟ್ಟ ರೋಗಿಗೆ ಆರು ವಾರಕ್ಕೊಮ್ಮೆ ತುರಿಕೆ ಮರುಕಳಿಸುತ್ತಿತ್ತೆಂದರೆ, ಮಾತ್ರೆ ಹಳೆಯ ಹುಳುಗಳನ್ನು ತೆಗೆದ ಒಂದೆರಡು ವಾರದೊಳಗೇ ಅವಳು ಎಲ್ಲಿಂದಲೋ ಹೊಸ ಮೊಟ್ಟೆಗಳನ್ನು ನುಂಗುತ್ತಿದ್ದಳು. ಎಲ್ಲಿಂದ?

ಉತ್ತರ ಅಕಸ್ಮಾತ್ತಾಗಿ ದೊರೆಯಿತು. ಆ ಮನೆಯ ಹಿರಿಯರಿಗೆ ಜ್ವರ ಬಂದು ಒಂದು ನಸುಕಿನಲ್ಲಿ ನನ್ನನ್ನು ಕರೆಸಿದರು. ಹತ್ತು ಜನರ ಕೂಡುಮನೆ: ಅಜ್ಜ, ಅಜ್ಜಿ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು, ನಾಲ್ಕು ಮಕ್ಕಳು. ಒಳಕೋಣೆಯಲ್ಲಿ ಉದ್ದಕ್ಕೂ ಜಮಖಾನ ಹಾಸಿ ನಾಲ್ಕೂ ಮಕ್ಕಳನ್ನು ಅಜ್ಜಿ ತಮ್ಮ ಎರಡೂ ಪಕ್ಕಕ್ಕೆ ಮಲಗಿಸಿಕೊಳ್ಳುತ್ತಿದ್ದರು. ನಾನು ಹೋದಾಗ ಅವರು ಹಾಸಿಗೆ ಸುತ್ತುತ್ತಿದ್ದರು. ಒಂದೊಂದು ಹೊದಿಕೆಯನ್ನೂ ಎತ್ತಿ ಪಟಪಟನೆ ಕೊಡವುತ್ತಿದ್ದರು. ಕಿಟಕಿಯ ಬೆಳಕಿನ ಕೋಲಿನಲ್ಲಿ ಧೂಳು ಕುಣಿಯುತ್ತಿತ್ತು. ಪರೀಕ್ಷೆ ಮುಗಿಸಿ ನಾನು ಕಾಫಿ ಕುಡಿಯುತ್ತಿದ್ದಾಗ, ಶಾಲೆಗೆ ಹೊರಟ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಅವರೇ ಮೊಸರನ್ನ ಕಲಸಿ ಕೈತುತ್ತು ಹಾಕುತ್ತಿದ್ದರು. ಕೈಯನ್ನು ಒಂದು ತಂಬಿಗೆ ನೀರಿನಲ್ಲಿ ತೊಳೆದಿದ್ದರು, ನಿಜ. ಸಾಬೂನು ಬಚ್ಚಲಲ್ಲಿತ್ತು, ಅಡಿಗೆಮನೆಗೆ ಅದಕ್ಕೆ ಪ್ರವೇಶವಿರಲಿಲ್ಲ.

ಆ ಮನೆ ಕೊಳಕಾಗಿರಲಿಲ್ಲ. ಹೊಸ್ತಿಲು ತೊಳೆದು ರಂಗೋಲಿ ಇಟ್ಟಿದ್ದ ಮನೆ ಅದು, ನೆಲ ಕನ್ನಡಿಯಂತಿತ್ತು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ದಾರದ ಹುಳು ಬಡತನವನ್ನೋ ಕೊಳಕನ್ನೋ ಹುಡುಕಿಕೊಂಡು ಹೋಗುವುದಿಲ್ಲ. ಅಮೆರಿಕದಂಥ ಸಿರಿವಂತ ದೇಶದಲ್ಲಿಯೂ ಹೊಟ್ಟೆಹುಳುಗಳ ಪೈಕಿ ಅತಿ ಸಾಮಾನ್ಯವಾದದ್ದು ಇದೇ. ಆ ದೇಶದ ಯೂಟಾ ಸಂಸ್ಥಾನದ ಗುಹೆಯೊಂದರಲ್ಲಿ ದೊರೆತ, ಸುಮಾರು ಹತ್ತು ಸಾವಿರ ವರ್ಷ ಹಳೆಯದಾದ, ಒಣಗಿದ ಮಾನವ ಮಲದಲ್ಲಿ ಇದರ ಮೊಟ್ಟೆಗಳು ಸಿಕ್ಕಿವೆ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಹುಳು. ನಾಯಿ ಬೆಕ್ಕುಗಳ ಮೇಲೆ ತಪ್ಪು ಹೊರಿಸುವಂತಿಲ್ಲ. ಜನ ಒತ್ತಾಗಿ ಮಲಗುವಲ್ಲಿ, ಒಂದೇ ಹೊದಿಕೆ ಹಂಚಿಕೊಳ್ಳುವಲ್ಲಿ, ಒಬ್ಬರ ಕೈಯಿಂದ ಇನ್ನೊಬ್ಬರು ಉಣ್ಣುವಲ್ಲಿ ಅದು ಹರಡುತ್ತದೆ. ಪ್ರೀತಿಯಿರುವ ಮನೆಗಳಲ್ಲೆಲ್ಲ ನಡೆಯುವುದು ಇದೇ ಅಲ್ಲವೆ?

ಹಾಗಾದರೆ ಅಜ್ಜಿಗೂ ಹುಳುವಿದ್ದಿರಬೇಕು. ಆದರೆ ಅರವತ್ತೈದು ವರ್ಷದ ಮುತ್ತೈದೆಯನ್ನು ಇಪ್ಪತ್ತೇಳರ ಡಾಕ್ಟರು ಈ ಪ್ರಶ್ನೆ ಕೇಳುವುದು ಹೇಗೆ? ನಾನು ನನ್ನ ಹೆಂಡತಿಯನ್ನು ಕಳಿಸಿದೆ. ಹೂವು ಹಣ್ಣಿನ ನೆವದಲ್ಲಿ ಹೋಗಿ ಒಂದು ಮಧ್ಯಾಹ್ನವೆಲ್ಲ ಕುಳಿತು ಬಂದ ಆಕೆ ಸಂಜೆ ಹೇಳಿದಳು: “ಅವರಿಗೆ ಮೂರು ವರ್ಷದಿಂದ ಇದೆಯಂತೆ. ಉಷ್ಣ ಅಂದುಕೊಂಡಿದ್ದರಂತೆ. ಮೂಲವ್ಯಾಧಿ ಇರಬಹುದು ಅಂತ ಹೆದರಿ ಯಾರಿಗೂ ಹೇಳಲಿಲ್ಲವಂತೆ.” ಮೂರು ವರ್ಷ! ಆ ಮೂರು ವರ್ಷವೂ ಅವರು ಸೊಸೆಯನ್ನು ದೂರುತ್ತಿದ್ದರು. ಇದರಲ್ಲಿ ಕಪಟವೇನೂ ಇರಲಿಲ್ಲ. ತಮ್ಮ ತುರಿಕೆಗೂ ಮೊಮ್ಮಗಳ ತುರಿಕೆಗೂ ಸಂಬಂಧವಿದೆಯೆಂದು ಅವರಿಗೆ ಹೇಳಿದವರೇ ಇರಲಿಲ್ಲ. ಹೇಳಬೇಕಾಗಿದ್ದ ನಾನು ಸೊಸೆಗೆ ಶುಚಿತ್ವದ ಉಪದೇಶ ಮಾಡಿ ಕಳಿಸಿದ್ದೆ.

ದೊಡ್ಡವರಲ್ಲಿ ಅನೇಕರಿಗೆ ತುರಿಕೆಯೂ ಇರುವುದಿಲ್ಲ. ಏನೂ ತೊಂದರೆಯಿಲ್ಲದ ತಂದೆಯೋ ಅಣ್ಣನೋ ಮೊಟ್ಟೆ ಹಂಚುತ್ತಿರಬಹುದು. ಆದುದರಿಂದ ಮನೆಯಲ್ಲಿ ಒಬ್ಬರಿಗೆ ದಾರದ ಹುಳು ಕಂಡರೆ ಎಲ್ಲರಿಗೂ ಇದೆಯೆಂದೇ ತಿಳಿದು, ಎಲ್ಲರೂ ಒಂದೇ ದಿನ ಔಷಧ ತೆಗೆದುಕೊಳ್ಳಬೇಕು. ಈಗ ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಆಲ್ಬೆಂಡಝೋಲ್. ಎರಡು ವರ್ಷ ದಾಟಿದವರಿಗೆ 400 ಮಿಲಿಗ್ರಾಮಿನ ಒಂದು ಮಾತ್ರೆ, ಒಂದರಿಂದ ಎರಡು ವರ್ಷದವರಿಗೆ ಅದರ ಅರ್ಧ. ಮಕ್ಕಳಿಗೆ ಅಗಿದು ತಿನ್ನಿಸಬೇಕು, ತೀರ ಚಿಕ್ಕವರಿಗೆ ಪುಡಿಮಾಡಿ ನೀರಿನಲ್ಲಿ ಕೊಡಬೇಕು. ಮೆಬೆಂಡಝೋಲ್ ಆಗಲಿ, ತೂಕ ನೋಡಿ ಕೊಡುವ ಪೈರಾಂಟೆಲ್ ಆಗಲಿ ಆದೀತು. ಬಸಿರಿಯರೂ ಮೊಲೆಯೂಡಿಸುವ ತಾಯಂದಿರೂ ಒಂದು ವರ್ಷ ತುಂಬದ ಕೂಸುಗಳೂ ವೈದ್ಯರ ಮಾತಿಲ್ಲದೆ ತೆಗೆದುಕೊಳ್ಳಕೂಡದು.

ಈ ಔಷಧಗಳು ಹುಳುವನ್ನು ಕೊಲ್ಲುತ್ತವೆ, ಮೊಟ್ಟೆಯನ್ನು ಕೊಲ್ಲಲಾರವು. ಮೊದಲ ಮಾತ್ರೆಯ ದಿನ ಹಾಸಿಗೆಯಲ್ಲಿಯೋ ಉಗುರಿನಲ್ಲಿಯೋ ಉಳಿದಿದ್ದ ಮೊಟ್ಟೆ ಮರುದಿನ ಹೊಟ್ಟೆಗೆ ಹೋದರೆ ಏನಾಯಿತು? ಅದಕ್ಕಾಗಿ ಎರಡು ವಾರಗಳ ಮೇಲೆ ಇನ್ನೊಮ್ಮೆ, ಮತ್ತೆ ಎಲ್ಲರೂ, ಅದೇ ಮಾತ್ರೆಯನ್ನು ತೆಗೆದುಕೊಳ್ಳಬೇಕು. ಆ ನಡುವೆ ಒಡೆದ ಮರಿಗಳು ಬೆಳೆದು ಮೊಟ್ಟೆಯಿಡುವಷ್ಟಾಗುವ ಮೊದಲೇ ಸಿಕ್ಕಿಬೀಳುತ್ತವೆ. ನನ್ನ ಅನುಭವದಲ್ಲಿ ಜನ ತಪ್ಪುವುದು ಇಲ್ಲಿಯೇ. ತುರಿಕೆ ನಿಂತ ಮೇಲೆ ಎರಡನೆಯ ಮಾತ್ರೆಯ ನೆನಪು ಯಾರಿಗಿರುತ್ತದೆ? 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ ಅಂಗನವಾಡಿಗಳಲ್ಲಿ ಮಕ್ಕಳಿಗೆ ಕೊಡುವ ಮಾತ್ರೆಯೂ ಇದೇ ಆಲ್ಬೆಂಡಝೋಲ್. ಅದು ಬಹಳ ಒಳ್ಳೆಯ ಕಾರ್ಯಕ್ರಮ. ಆದರೆ ಅದರ ಗುರಿ ಮಣ್ಣಿನಿಂದ ಬರುವ ಜಂತುಹುಳು, ಕೊಕ್ಕೆಹುಳು, ಚಾಟಿಹುಳುಗಳು. ಅಂದು ಮಾತ್ರೆ ತಿಂದ ಮಗು ರಾತ್ರಿ ಅದೇ ಹಾಸಿಗೆಗೆ, ಮಾತ್ರೆ ತಿನ್ನದ ಅಪ್ಪ ಅಮ್ಮಂದಿರ ಪಕ್ಕಕ್ಕೆ ಮರಳುತ್ತದೆ. ಶಾಲೆಯಲ್ಲಿ ಕೊಟ್ಟಿದ್ದಾರೆ, ಇನ್ನೇಕೆ ಎಂದು ದಾರದ ಹುಳುವಿನ ವಿಷಯದಲ್ಲಿ ಸುಮ್ಮನಾಗುವಂತಿಲ್ಲ.

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಇಪ್ಪತ್ತು ಬಗೆಯ ಕ್ರಿಮಿಗಳ ಮಾತು ಬರುತ್ತದೆ. ಅವಕ್ಕೆ ಹೇಳಿರುವ ಚಿಕಿತ್ಸೆ ಮೂರು ಬಗೆಯದು: ಕ್ರಿಮಿಯನ್ನು ಹೊರಗೆಳೆಯುವುದು, ಅದು ಬೆಳೆಯುವ ನೆಲೆಯನ್ನು ಕೆಡಿಸುವುದು, ಅದು ಬಂದ ಕಾರಣಗಳಿಂದ ದೂರವಿರುವುದು. ಹುಳುವಿನ ಹುಟ್ಟನ್ನು ಕುರಿತ ಅಂದಿನ ಕಲ್ಪನೆಯನ್ನು ನಾವು ಇಂದು ಒಪ್ಪಬೇಕಾಗಿಲ್ಲ. ಆ ಮೂರನೆಯ ಮಾತನ್ನು ಮಾತ್ರ ಮಾತ್ರೆಯ ಭರದಲ್ಲಿ ಮರೆತಿದ್ದೇವೆ. ಸಿಹಿ ತಿಂದರೆ ಹುಳುವಾಗುತ್ತದೆಂಬುದು, ನಿದ್ದೆಯಲ್ಲಿ ಹಲ್ಲು ಕಡಿದರೆ ಹುಳುವಿದೆಯೆಂಬುದು, ಕೆನ್ನೆಯ ಬಿಳಿಮಚ್ಚೆ ಹುಳುವಿನ ಗುರುತೆಂಬುದು ಇವೆಲ್ಲ ಬರಿಯ ನಂಬಿಕೆಗಳು. ಹರಳೆಣ್ಣೆಯ ಭೇದಿ ಚರ್ಮಕ್ಕೂ ಹಾಸಿಗೆಗೂ ಅಂಟಿದ ಮೊಟ್ಟೆಯನ್ನು ಏನು ಮಾಡೀತು? ಆ ಹುಡುಗಿ ಮೂರು ತಿಂಗಳು ಬೆಲ್ಲವಿಲ್ಲದೆ ಕಳೆದದ್ದು ನೆನಪಾದರೆ ನನಗೆ ಈಗಲೂ ಕೆಡುಕೆನಿಸುತ್ತದೆ.

ಕಾರಣದಿಂದ ದೂರವಿರುವುದೆಂದರೆ ಇಷ್ಟೆ. ಬೆಳಗಾಗುತ್ತಲೇ, ತಿಂಡಿಗೆ ಮೊದಲು, ಸ್ನಾನ. ಅದಾಗದಿದ್ದರೆ ಆ ಭಾಗವನ್ನಾದರೂ ಚೆನ್ನಾಗಿ ತೊಳೆಯುವುದು. ರಾತ್ರಿಯ ಮೊಟ್ಟೆಗಳು ಹೆಚ್ಚಾಗಿ ಅಲ್ಲಿಯೇ ತೊಳೆದುಹೋಗುತ್ತವೆ. ಸಂಜೆಯ ಸ್ನಾನ ಎಷ್ಟು ಸುಖವಾದರೂ ಈ ಕೆಲಸಕ್ಕೆ ಬಾರದು. ರಾತ್ರಿ ಮಕ್ಕಳಿಗೆ ಮೈಗೊಪ್ಪುವ ಚಡ್ಡಿ ಹಾಕಿ, ಬೆಳಿಗ್ಗೆ ತಪ್ಪದೆ ಬದಲಿಸಬೇಕು. ಉಗುರು ಗಿಡ್ಡವಾಗಿರಬೇಕು, ರಕ್ತ ಬರುವಷ್ಟು ಬೇಡ. ಶೌಚದ ನಂತರವೂ, ಅಡಿಗೆಗೆ ತೊಡಗುವ ಮುನ್ನವೂ, ಉಣ್ಣುವ ಮತ್ತು ಉಣಿಸುವ ಮುನ್ನವೂ ಸಾಬೂನು ಹಚ್ಚಿ ಉಗುರಿನ ಸಂದಿಯನ್ನೂ ಉಜ್ಜಿ ತೊಳೆಯಬೇಕು. ಎಡಗೈಗೊಂದು ಕೆಲಸ ಬಲಗೈಗೊಂದು ಕೆಲಸ ಎಂಬ ನಮ್ಮ ಹಿರಿಯರ ಏರ್ಪಾಡು ಜಾಣತನದ್ದೇ. ಆದರೆ ಚಪಾತಿಯ ಹಿಟ್ಟು ನಾದುವಾಗ ಆ ಎರಡು ಕೈಗಳೂ ಒಂದಾಗುತ್ತವಲ್ಲ! 2020ರಿಂದೀಚೆಗೆ ಮನೆಮನೆಯಲ್ಲಿ ಕಾಣುವ ಸ್ಯಾನಿಟೈಸರನ್ನು ಇಲ್ಲಿ ನಂಬಬಾರದು. ಈ ಮೊಟ್ಟೆಯ ಚಿಪ್ಪಿನ ಮುಂದೆ ಅದರ ಆಟ ನಡೆಯದು. ಮೊಟ್ಟೆಯನ್ನು ಸಾಯಿಸುವ ಗೋಜಿಗೆ ಹೋಗದೆ ಉಜ್ಜಿ ಕಳಚಿ ನೀರಿನೊಡನೆ ಸಾಗಿಸಿಬಿಡುವುದು ಸಾಬೂನಿನ ರೀತಿ.

ಹಾಸಿಗೆಯನ್ನು ಕೊಡವಬೇಡಿ. ಕೊಡವಿದರೆ ಹಗುರವಾದ ಮೊಟ್ಟೆಗಳು ಗಾಳಿಗೆ ಹಾರಿ ಎಲ್ಲೆಂದರಲ್ಲಿ ಇಳಿಯುತ್ತವೆ, ಮೂಗು ಬಾಯಿಗೂ ಹೋಗುತ್ತವೆ. ಮೆಲ್ಲಗೆ ಸುತ್ತಿಕೊಂಡು ಹೋಗಿ ಬಿಸಿನೀರಿನಲ್ಲಿ ನೆನೆಹಾಕಿ ಒಗೆದು, ಚುರುಗುಟ್ಟುವ ಬಿಸಿಲಿಗೆ ಹರವಿ. ಬಿಸಿಲು ಈ ಮೊಟ್ಟೆಗೆ ಶತ್ರು. ಮಲಗುವ ಕೋಣೆಯ ಕಿಟಕಿಯನ್ನು ಹಗಲು ಹೊತ್ತು ತೆರೆದಿಡುವುದೂ ಒಳ್ಳೆಯದು. ಮಾತ್ರೆ ತೆಗೆದುಕೊಂಡ ದಿನ ಪೊರಕೆಯಿಂದ ಧೂಳೆಬ್ಬಿಸುವ ಬದಲು ಒದ್ದೆಬಟ್ಟೆಯಿಂದ ನೆಲ, ಮಂಚ, ಆಟಿಕೆಗಳನ್ನು ಒರೆಸಿ. ಇವೆಲ್ಲವನ್ನೂ ಎರಡನೆಯ ಮಾತ್ರೆಯಾಗುವವರೆಗೆ ಶ್ರದ್ಧೆಯಿಂದ ನಡೆಸಿದರೆ ಸಾಕು. ಆಮೇಲೆ ಕೈತೊಳೆಯುವುದೊಂದು ಉಳಿದರೆ ನಾನು ಸಂತೋಷಪಡುತ್ತೇನೆ.

ಹುಳುವೇ ಹೌದೋ ಅಲ್ಲವೋ ಎಂಬ ಸಂದೇಹವಿದ್ದರೆ, ಮಗು ಮಲಗಿ ಎರಡು ಮೂರು ಗಂಟೆಗಳಾದ ಮೇಲೆ ಟಾರ್ಚು ಹಿಡಿದು ನೋಡಿ. ಬಿಳಿಯ ಎಳೆಗಳು ಅಲುಗುವುದು ಕಂಡೀತು. ಮಲಪರೀಕ್ಷೆಯಲ್ಲಿ ಇದು ಬಹುಮಟ್ಟಿಗೆ ಸಿಕ್ಕುವುದಿಲ್ಲ, ಏಕೆಂದರೆ ಮೊಟ್ಟೆ ಇರುವುದು ಚರ್ಮದ ಮೇಲೆ. ಬೆಳಿಗ್ಗೆ ಸ್ನಾನಕ್ಕೂ ಶೌಚಕ್ಕೂ ಮುಂಚೆ ಪಾರದರ್ಶಕವಾದ ಅಂಟುಪಟ್ಟಿಯನ್ನು ಅಲ್ಲಿಗೆ ಒತ್ತಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಸುಲಭೋಪಾಯವೊಂದಿದೆ. ಇದನ್ನು 1941ರಲ್ಲಿ ಗ್ರಹಾಂ ಎಂಬವರು ತಿಳಿಸಿಕೊಟ್ಟರು. ಒಂದು ದಿನದ ಪರೀಕ್ಷೆಯಲ್ಲಿ ಅರ್ಧದಷ್ಟು ಮಂದಿಯಲ್ಲಿ ಪತ್ತೆಯಾದರೆ, ಸತತ ಮೂರು ದಿನ ಮಾಡಿದಾಗ ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಪತ್ತೆಯಾಗುತ್ತದೆ. ಎರಡು ಮಾತ್ರೆಯಾದ ಮೇಲೂ ತುರಿಕೆ ನಿಲ್ಲದಿದ್ದರೆ ವೈದ್ಯರ ಬಳಿಗೆ ಹೋಗಬೇಕು. ಎಲ್ಲ ತುರಿಕೆಯೂ ಹುಳುವಿನದಲ್ಲ.

ಆ ಮನೆಗೆ ಮತ್ತೆ ಬರೋಣ. ಒಂದು ಭಾನುವಾರ ಸಂಜೆ ನಾನೇ ಹೋಗಿ ಜಗಲಿಯಲ್ಲಿ ಕುಳಿತು ಎಲ್ಲರಿಗೂ ಈ ಕಥೆಯನ್ನು ಹೇಳಿದೆ. ಯಾರಿಂದ ಯಾರಿಗೆ ಬಂತೆಂಬುದನ್ನು ಹೇಳಲಿಲ್ಲ. ಅದನ್ನು ಯಾರೂ ಬಲ್ಲವರಿಲ್ಲ. ಕಿರಿಯ ಸೊಸೆ ಎರಡು ತಿಂಗಳ ಬಸುರಿ. ಆಕೆಗೆ ಮಾತ್ರೆ ಬೇಡವೆಂದು, ಕೈತೊಳೆಯುವುದು ಬೆಳಗಿನ ಸ್ನಾನ ಇಷ್ಟನ್ನೇ ಆರು ವಾರ ಬಿಡದೆ ನಡೆಸಬೇಕೆಂದು ತಿಳಿಸಿದೆ. ಉಳಿದ ಒಂಬತ್ತು ಮಂದಿ ನನ್ನೆದುರಿಗೇ ಮಾತ್ರೆ ತೆಗೆದುಕೊಂಡರು. ಮೊದಲು ಕೈಚಾಚಿದವರು ಅಜ್ಜಿ. ಬಾಯಿಗೆ ಹಾಕಿಕೊಳ್ಳುವ ಮುನ್ನ ಹಿರಿಯ ಸೊಸೆಯ ಕಡೆ ತಿರುಗಿ, “ಬಚ್ಚಲಿಂದ ಆ ಸೋಪು ತಗೊಂಡು ಬಾ, ಅಡಿಗೆಮನೆಯ ಕಿಟಕಿಯಲ್ಲೇ ಒಂದು ಇರಲಿ” ಎಂದರು. ಸೊಸೆ ಎದ್ದು ಒಳಗೆ ಹೋದರು. ಸ್ವಲ್ಪ ತಡವಾಗಿ ಹೊರಗೆ ಬಂದರು.

ಎರಡನೆಯ ಮಾತ್ರೆಯ ದಿನವನ್ನು ನಾನು ಮರೆತಿದ್ದೆ. ಅಜ್ಜಿ ಮರೆತಿರಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಕುಂಕುಮದ ಬೊಟ್ಟಿಟ್ಟಿದ್ದರಂತೆ. ಅಂದು ಬೆಳಿಗ್ಗೆ ನನ್ನ ಔಷಧಾಲಯದ ಬಾಗಿಲು ತೆರೆಯುವ ಮೊದಲೇ ಮೊಮ್ಮಗಳ ಕೈಹಿಡಿದು ಬಂದು ನಿಂತಿದ್ದರು. ಹೊರಗಿನ ಬೆಂಚಿನ ಮೇಲೆ ಐದಾರು ಜನ ಕುಳಿತಿದ್ದರು. ಅಜ್ಜಿ ದನಿ ತಗ್ಗಿಸದೆ, “ಡಾಕ್ಟರೇ, ಹುಳದ ಮಾತ್ರೆ, ಒಂಬತ್ತು ಜನಕ್ಕೆ” ಎಂದರು. ಹುಡುಗಿಯ ಇನ್ನೊಂದು ಕೈಯಲ್ಲಿ ಒಂದು ಉಂಡೆ ಬೆಲ್ಲವಿತ್ತು.